ಅಂಗಳದ ಹೂದೋಟ: ಗುಲಾಬಿಗೆ ಕತ್ತರಿ ಹಾಕುವ ಕಾಲ

ಹಸ್ತದ ಮಳೆ ಹಿಂದೆ ಸರಿದು ಚಿತ್ತೆಯ ಬಿಸಿಲು ಅಂಗಳಕ್ಕಿಳಿಯುವ ಈ ದಿನಗಳಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಪ್ರಾಂತದ ಯಾವ ಮನೆಗೆ ಹೋದರೂ ಗುಲಾಬಿಯ ಗಿಡಗಳು ಹೆಚ್ಚುಕಡಮೆ ಒಂದೇ ಸ್ಥಿತಿಯಲ್ಲಿ ಕಂಡುಬರುವುವು. ಬುಡದ ಎಲೆಗಳೆಲ್ಲ ಉದುರಿ ಕಾಲುಗಳು ಬತ್ತಲೆಯಾಗಿರುವುವು. ತುದಿಯಲ್ಲಿ ಉಳಿದ ನಾಲ್ಕು ಎಲೆಗಳ ಮೇಲೆ ಕಪ್ಪು ಚುಕ್ಕೆಗಳಿರುವುವು. ಒಂದೆರಡು ಕೊಂಬೆಗಳು ತುದಿಯಿಂದ ಕೆಳಕ್ಕೆ ಕರಿಯಾಗಿ ಒಣಗುತ್ತ ಬಂದಿರುವುವು. ಗಿಡದೊಡತಿಯು ಅದರ ಮುಂದೆ ನಿಂತು, ಇದನ್ನು ಕಡಿಯಬೇಕೋ ಹಾಗೆಯೇ ಬಿಡಬೇಕೋ ಎಂದು ಯೋಚಿಸುವಳು. ಕಡಿಯಲು ಕೈ ಏಳದು. ಬಿಟ್ಟರೆ ಗಿಡ ಉಳಿಯದು. ಕಡೆಗೆ "ನಮ್ಮ ನೆಲಕ್ಕೆ ಗುಲಾಬಿ ಆಗಿಬರುವುದಿಲ್ಲ" ಎಂಬ ತೀರ್ಮಾನಕ್ಕೆ ಮನೆಯವರೆಲ್ಲ ಬರುವರು. ಹೇರೂರಿನ ಸುತ್ತಮುತ್ತ ಈ ಮಾತನ್ನು ನಾವು ಎಷ್ಟು ಸಲ ಕೇಳಿರುವೆವೋ ಲೆಕ್ಕವಿಲ್ಲ. ನೆಲದ ಮೇಲಣ ಈ ಅಪವಾದವನ್ನು ಕಳೆಯುವುದು ಈ ತಿಂಗಳ ನಮ್ಮ ಉದ್ದೇಶ.

ಮೊದಲು ಹೆಸರಿನ ವಿಚಾರ. ಗುಲಾಬಿ ಎಂಬ ಮಾತು ಪಾರಸೀಕ ಭಾಷೆಯದು. ಅಲ್ಲಿ 'ಗುಲ್' ಎಂದರೆ ಹೂವು, 'ಆಬ್' ಎಂದರೆ ನೀರು. ಹೂವಿನಿಂದ ಇಳಿಸಿದ ಪನ್ನೀರಿನ ಹೆಸರು ಕಾಲಕ್ರಮದಲ್ಲಿ ಹೂವಿಗೇ ನಿಂತಿತು. ನಮ್ಮ ವೈದ್ಯಗ್ರಂಥಗಳಲ್ಲಿ, ವಿಶೇಷವಾಗಿ ಹದಿನಾರನೆಯ ಶತಮಾನದ ಭಾವಪ್ರಕಾಶದಲ್ಲಿ, ಇದಕ್ಕೆ ಶತಪತ್ರೀ, ತರುಣೀ ಎಂಬ ಹೆಸರುಗಳುಂಟು. ನೂರು ದಳವುಳ್ಳದ್ದರಿಂದ ಶತಪತ್ರೀ ಎಂಬುದು ಸ್ಪಷ್ಟವಾಗಿಯೇ ಇದೆ. ತರುಣೀ ಎಂಬ ಹೆಸರನ್ನು ಯಾರು ಏನೆಂದು ವ್ಯಾಖ್ಯಾನಿಸಲಿ, ತೋಟಗಾರನ ದೃಷ್ಟಿಯಿಂದ ಅದಕ್ಕಿಂತ ಒಪ್ಪುವ ಹೆಸರು ಬೇರೊಂದಿಲ್ಲ. ಏಕೆಂದರೆ ನಮ್ಮ ಅಂಗಳದ ಗುಲಾಬಿಯು ಹೂ ಬಿಡುವುದು ಎಳೆಯ ಚಿಗುರಿನಲ್ಲಿ ಮಾತ್ರ. ಮುದಿ ಕೊಂಬೆ ಎಷ್ಟು ದಪ್ಪವಾದರೂ ಅದರಿಂದ ನೇರವಾಗಿ ಹೂ ಬಾರದು. ಅದರಿಂದ ಹೊಸ ಚಿಗುರು ಹೊರಟರೆ ಆ ಚಿಗುರಿನ ತುದಿಯಲ್ಲಿ ಮೊಗ್ಗು ಕಟ್ಟುವುದು. ಆದಕಾರಣ ಗಿಡವನ್ನು ವರ್ಷವರ್ಷವೂ ತರುಣವಾಗಿ ಇಡುವುದೇ ಗುಲಾಬಿ ಕೃಷಿಯ ಸರ್ವಸ್ವ. ಸವರುವುದು ಅದರ ಸಾಧನ.

ಈ ಗುಣವು ಎಲ್ಲ ಗುಲಾಬಿಗಳಿಗೂ ಮೊದಲಿನಿಂದ ಇದ್ದುದಲ್ಲ. ಯೂರೋಪು ಖಂಡದ ಹಳೆಯ ಜಾತಿಗಳಲ್ಲಿ ಹೆಚ್ಚಿನವು ವರ್ಷಕ್ಕೊಮ್ಮೆ, ಹಿಂದಿನ ವರ್ಷದ ಕೊಂಬೆಯಲ್ಲಿ ಹೂಬಿಟ್ಟು ಸುಮ್ಮನಾಗುತ್ತಿದ್ದುವು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಚೀನಾ ದೇಶದ ಗುಲಾಬಿಗಳು ಕಲ್ಕತ್ತೆಯ ಮಾರ್ಗವಾಗಿ ಅಲ್ಲಿಗೆ ಹೋದವು. ಪಾಶ್ಚಾತ್ಯರು ಅವುಗಳಲ್ಲಿ ಒಂದಕ್ಕೆ ಇಂಡಿಕಾ ಎಂದು ಹೆಸರಿಟ್ಟರು. ವರ್ಷವಿಡೀ ಚಿಗುರಿ ಹೂಬಿಡುವ ಸ್ವಭಾವ ಈ ಚೀನಾ ಜಾತಿಗಳದು. ಅವುಗಳ ಸಂಕರದಿಂದ ಹುಟ್ಟಿದ ವರ್ಗವೇ ಇಂದು ಪೇಟೆಯಲ್ಲಿ ದೊರೆಯುವ ದೊಡ್ಡ ಹೂವಿನ 'ಹೈಬ್ರಿಡ್ ಟೀ'. ಫ್ರಾನ್ಸಿನ ಗಿಯೋ ಎಂಬಾತನು ೧೮೬೭ರಲ್ಲಿ ಹೊರತಂದ 'ಲಾ ಫ್ರಾನ್ಸ್' ಎಂಬುದನ್ನು ಈ ವರ್ಗದ ಆದಿಯೆಂದು ಎಣಿಸುವ ವಾಡಿಕೆಯಿದೆ. ನಮ್ಮ ಕಡೆಯ ಹಳೆಯ ಮನೆಗಳಲ್ಲಿರುವ, ತಿಳಿಗೆಂಪು ಬಣ್ಣದ, ಪರಿಮಳ ಹೆಚ್ಚಾಗಿರುವ ಪನ್ನೀರು ಗುಲಾಬಿಯು ಇದಕ್ಕಿಂತ ಪೂರ್ವದ ಸಂತಾನ. ಎಡ್ವರ್ಡ್ ಗುಲಾಬಿಯೆಂದು ಕರೆಯಲ್ಪಡುವ ಜಾತಿಯ ಮೂಲವನ್ನು ಹಿಂದೂ ಮಹಾಸಾಗರದ ಬೂರ್ಬೋನ್ ದ್ವೀಪಕ್ಕೆ ಒಯ್ದು ಮುಟ್ಟಿಸುವರು. ಈ ಎರಡು ಬಗೆಗಳ ಉಪಚಾರದಲ್ಲಿ ಭೇದವಿದೆ; ಮುಂದೆ ಹೇಳುವೆವು.

ಇನ್ನು ಕೈ ಏಳದಿರುವುದರ ಕಾರಣ. ಹಸುರಾದ ಗಿಡಕ್ಕೆ ಕಬ್ಬಿಣ ತಾಗಿಸುವುದು ಪಾಪವೆಂಬ ಭಾವನೆ ನಮ್ಮ ಹೆಂಗಸರಲ್ಲಿ ಇಂದಿಗೂ ಬಲವಾಗಿದೆ. ಇದನ್ನು ಮೂಢತನವೆಂದು ನಗುವವರ ಜೊತೆಗೆ ನಾವು ಸೇರುವವರಲ್ಲ. ಹಣ್ಣಿನ ಮರಗಳನ್ನೂ, ಹೂಬಿಟ್ಟ ಪೊದೆಬಳ್ಳಿಗಳನ್ನೂ ಕಡಿದವನು ನೂರು ಋಕ್ಕುಗಳನ್ನು ಜಪಿಸಬೇಕೆಂದು ಮನುಸ್ಮೃತಿಯು ಪ್ರಾಯಶ್ಚಿತ್ತ ಹೇಳಿದೆ. ಮಲೆನಾಡು ಇಷ್ಟಾದರೂ ಹಸುರಾಗಿ ಉಳಿದಿರುವುದರಲ್ಲಿ ಇಂಥ ಅಂಜಿಕೆಯ ಪಾಲು ಇದ್ದೇ ಇದೆ. ಆದರೆ ಅದೇ ಪರಂಪರೆಯು ಇನ್ನೊಂದನ್ನೂ ಹೇಳಿದೆ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿರುವನು. ಚಳಿ ಗಾಳಿ ಬಿಸಿಲುಗಳಿಂದ ಗಿಡಗಳಿಗೆ ರೋಗ ಬರುವುದೆಂದೂ, ಎಲೆ ಬಿಳಿಚುವುದು, ಚಿಗುರು ಬಾರದಿರುವುದು, ಕೊಂಬೆ ಒಣಗುವುದು, ರಸ ಸೋರುವುದು ಅದರ ಲಕ್ಷಣಗಳೆಂದೂ ಹೇಳಿ, ಚಿಕಿತ್ಸೆಯಲ್ಲಿ ಮೊಟ್ಟಮೊದಲನೆಯದಾಗಿ ಶಸ್ತ್ರದಿಂದ ಶೋಧನವನ್ನೇ ವಿಧಿಸಿರುವನು. ಆಮೇಲೆ ಗಾಯಕ್ಕೆ ವಾಯುವಿಡಂಗ, ತುಪ್ಪ, ಕೆಸರು ಇವುಗಳ ಲೇಪ. ಕೊಳೆತ ಭಾಗವನ್ನು ತೆಗೆ, ತೆಗೆದ ಗಾಯವನ್ನು ಮುಚ್ಚು ಎಂಬ ಈ ಕ್ರಮದಲ್ಲಿ ಇಂದಿನ ಶಾಸ್ತ್ರವು ಲೇಪದ ವಸ್ತುವನ್ನು ಬದಲಿಸಿದೆಯೇ ಹೊರತು ತತ್ತ್ವವನ್ನಲ್ಲ.

ಕನ್ನಡದಲ್ಲಿಯೂ ಈ ವಿದ್ಯೆ ಹೊಸದೇನಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದವು ಒಂದು ಪ್ರಕರಣವಾಗಿದೆ. ನಮ್ಮ ತಾಲೂಕಿನ ಮಗ್ಗುಲಿನಲ್ಲೇ ಇರುವ ಕೆಳದಿಯ ಅರಸು ಬಸವಪ್ಪ ನಾಯಕನು ಹದಿನೆಂಟನೆಯ ಶತಮಾನದ ಆದಿಯಲ್ಲಿ ಸಂಸ್ಕೃತದಲ್ಲಿ ರಚಿಸಿದ ಶಿವತತ್ತ್ವರತ್ನಾಕರವೆಂಬ ಮಹಾಕೋಶದಲ್ಲಿಯೂ ಗಿಡಮರಗಳ ಆರೈಕೆ ಸ್ಥಾನ ಪಡೆದಿದೆ. ಕೊಲ್ಲುವ ಕತ್ತಿ ಬೇರೆ, ವೈದ್ಯನ ಕತ್ತಿ ಬೇರೆ ಎಂಬ ವಿವೇಕವು ನಮ್ಮ ಹಿರಿಯರಿಗೆ ಇತ್ತು.

ಕಾಲದ ಮಾತು. ಪುಸ್ತಕಗಳಲ್ಲಿ ಸವರುವ ತಿಂಗಳನ್ನು ಒಂದೊಂದು ಕಡೆ ಒಂದೊಂದು ಬಗೆಯಾಗಿ ಹೇಳಿರುವುದನ್ನು ಕಂಡು ಓದುಗರು ಗೊಂದಲಕ್ಕೊಳಗಾಗುವರು. ಮಂಜು ಬೀಳುವ ಶೀತದೇಶಗಳಲ್ಲಿ ಚಳಿ ಮುಗಿಯುವ ಹೊತ್ತಿಗೆ ಸವರುವರು. ಬೆಂಗಳೂರಿನಂಥ ಸಮಶೀತೋಷ್ಣದ ಊರಿನಲ್ಲಿ ವರ್ಷಕ್ಕೆ ಎರಡು ಸಲ ಸವರಿದರೂ ನಡೆಯುವುದು. ನಮ್ಮದು ವರ್ಷಕ್ಕೆ ನೂರು ಅಂಗುಲದ ಆಸುಪಾಸು ಮಳೆ ಸುರಿಯುವ ನಾಡು. ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೇ ಬೀಳುವುದು. ಮಳೆಗಾಲದಲ್ಲಿ ಸವರಿದರೆ ಕಡಿದ ಬಾಯಿಗೆ ನೀರು ನಿಂತು ಕೊಳೆ ಒಳಗಿಳಿಯುವುದು. ಎಳೆ ಚಿಗುರು ಬಿಸಿಲು ಕಾಣದೆ ಸೊರಗುವುದು. ಕಪ್ಪುಚುಕ್ಕೆ ರೋಗದ ಬೂಷ್ಟು ಎಲೆಯ ಮೇಲೆ ಏಳು ಗಂಟೆಗಳ ಕಾಲ ಸತತವಾಗಿ ತೇವ ನಿಂತರೆ ಸಾಕು, ಒಳಹೊಗುವುದು. ನಮ್ಮಲ್ಲಾದರೋ ಆರ್ದ್ರೆಯಿಂದ ಮಘೆಯವರೆಗೆ ಎಲೆ ಒಣಗುವುದೇ ಅಪರೂಪ. ಆದಕಾರಣ ಮಲೆನಾಡಿಗೆ ಸವರುವ ಕಾಲ ಒಂದೇ: ಹಸ್ತ ಮುಗಿದು ಚಿತ್ತೆ ಹಿಡಿದ ಮೇಲೆ, ಅಂದರೆ ಅಕ್ಟೋಬರ್ ಎರಡನೆಯ ವಾರದಿಂದ ಸ್ವಾತಿಯ ಆದಿಯೊಳಗೆ. ಪಂಚಾಂಗವನ್ನು ನೋಡಿದರೆ ಸಾಲದು, ಆಕಾಶವನ್ನೂ ನೋಡಬೇಕು. ನಾಲ್ಕು ದಿನ ಒಣ ಹವೆ ನಿಂತಿತೆಂದು ಖಾತ್ರಿಯಾದ ಮೇಲೆಯೇ ಕತ್ತರಿ ಹಿಡಿಯತಕ್ಕದ್ದು.

ಸವರಿದ ದಿನದಿಂದ ಆರೇಳು ವಾರಗಳಿಗೆ ಮೊದಲ ಹೂವು ಅರಳುವುದು. ಚಿತ್ತೆಯಲ್ಲಿ ಸವರಿದ ಗಿಡವು ಕಾರ್ತಿಕದ ದೀಪಗಳು ಮುಗಿಯುವ ವೇಳೆಗೆ, ಡಿಸೆಂಬರ್ ಆರಂಭದಲ್ಲಿ, ಹೂವಿಗೆ ಬರುವುದೆಂದು ಲೆಕ್ಕ ಹಾಕಬಹುದು. ಅಲ್ಲಿಂದ ಮಾರ್ಚಿಯವರೆಗೆ ನಮ್ಮ ಹವೆ ಗುಲಾಬಿಗೆ ಹೇಳಿಮಾಡಿಸಿದಂತಿರುವುದು.

ಈಗ ಕ್ರಮ. ಬೇಕಾದ ಸಲಕರಣೆಗಳು ಮೂರು: ಹರಿತವಾದ ಸಿಕೇಟರ್ ಕತ್ತರಿ, ದಪ್ಪ ಕೊಂಬೆಗೆ ಸಣ್ಣ ಗರಗಸ, ಕೈಗೆ ದಪ್ಪನೆಯ ಚೀಲ. ಸೊಪ್ಪು ಸವರುವ ಕತ್ತಿಯಿಂದ ಗುಲಾಬಿಯನ್ನು ಕೊಚ್ಚಬಾರದು. ಕೊಂಬೆ ಸೀಳಿದರೆ ಸೀಳಿನಲ್ಲೇ ರೋಗ ನೆಲೆಸುವುದು. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಕತ್ತರಿಯ ಅಲಗನ್ನು ಸ್ಪಿರಿಟ್ಟಿನಿಂದ ಒರಸತಕ್ಕದ್ದು.

ಮೊದಲು ಸತ್ತದ್ದನ್ನು ತೆಗೆಯಿರಿ. ತುದಿಯಿಂದ ಕರಿಯಾಗುತ್ತ ಬಂದ ಕೊಂಬೆಯನ್ನು ಕರಿಯ ಗಡಿಯಿಂದ ಎರಡು ಅಂಗುಲ ಕೆಳಗೆ ಕತ್ತರಿಸಿ, ಕಡಿದ ಮುಖವನ್ನು ನೋಡಿರಿ. ನಡುವಣ ತಿರುಳು ಬೆಳ್ಳಗಿದ್ದರೆ ಅಲ್ಲಿಗೆ ನಿಲ್ಲಿಸಬಹುದು. ಕಂದುಬಣ್ಣವಿದ್ದರೆ ಇನ್ನೂ ಕೆಳಗೆ ಹೋಗಬೇಕು. ಬೇಕಾದರೆ ಬುಡದವರೆಗೂ ಹೋಗಬೇಕು. ಇಲ್ಲಿ ದಾಕ್ಷಿಣ್ಯ ತೋರಿದರೆ ಗಿಡವನ್ನೇ ಕಳೆದುಕೊಳ್ಳುವಿರಿ. ಎರಡನೆಯದಾಗಿ, ಒಂದನ್ನೊಂದು ಉಜ್ಜುವ, ಗಿಡದ ನಡುವಿಗೆ ನುಗ್ಗುವ ಕೊಂಬೆಗಳನ್ನೂ, ಕಡ್ಡಿಯಂತೆ ಬಡವಾದವುಗಳನ್ನೂ ತೆಗೆಯಿರಿ. ಗಿಡದ ಒಡಲು ಬಟ್ಟಲಿನಂತೆ ತೆರೆದು ಗಾಳಿಬೆಳಕುಗಳು ಒಳಗೆ ಆಡಬೇಕು. ಮೂರನೆಯದಾಗಿ, ಉಳಿದ ನಾಲ್ಕೈದು ಪುಷ್ಟವಾದ ಕೊಂಬೆಗಳನ್ನು ನೆಲದಿಂದ ಒಂದೂವರೆ ಅಡಿಯ ಎತ್ತರಕ್ಕೆ ಇಳಿಸಿರಿ. ಎಲ್ಲಿ ಕಡಿಯಬೇಕೆಂದರೆ, ಹೊರಮುಖವಾಗಿರುವ ಒಂದು ಕಣ್ಣನ್ನು ಆರಿಸಿಕೊಂಡು ಅದರ ಮೇಲೆ ಕಾಲು ಅಂಗುಲ ಬಿಟ್ಟು, ಇಳಿಜಾರು ಕಣ್ಣಿನ ಹಿಂದುಗಡೆಗೆ ಇರುವಂತೆ ಓರೆಯಾಗಿ ಕಡಿಯತಕ್ಕದ್ದು. ನೀರು ಕಣ್ಣಿನ ಮೇಲೆ ಇಳಿಯದೆ ಹಿಂದಕ್ಕೆ ಜಾರಿಹೋಗುವುದು. ಚಿಗುರು ಹೊರಗಡೆಗೆ ಹೊರಡುವುದು. ಕೊನೆಗೆ, ಉಳಿದ ಎಲೆಗಳನ್ನು ಕಿತ್ತು, ಬುಡದಲ್ಲಿ ಬಿದ್ದ ಎಲೆಕಡ್ಡಿಗಳನ್ನೆಲ್ಲ ಗುಡಿಸಿ ಸುಡಿರಿ. ಕಪ್ಪುಚುಕ್ಕೆಯ ಬೀಜವು ಈ ಕಸದಲ್ಲಿಯೇ ಮುಂದಿನ ಮಳೆಗೆ ಕಾದುಕೊಂಡಿರುವುದು. ಇದನ್ನು ಗೊಬ್ಬರಗುಂಡಿಗೆ ಹಾಕಬಾರದು.

ಇದು ಹೈಬ್ರಿಡ್ ಟೀ ಜಾತಿಯ ಕ್ರಮ. ಪನ್ನೀರು ಗುಲಾಬಿಯನ್ನು ಇಷ್ಟು ಗಿಡ್ಡ ಮಾಡಬಾರದು. ಮೂರರಲ್ಲೊಂದು ಪಾಲು ಎತ್ತರ ಇಳಿಸಿದರೆ ಸಾಕು. ಚಪ್ಪರಕ್ಕೆ ಹಬ್ಬಿಸಿದ ಗುಲಾಬಿಯ ಉದ್ದ ಕೊಂಬೆಗಳನ್ನು ಕಡಿಯದೆ ಅಡ್ಡಲಾಗಿ ಬಾಗಿಸಿ ಕಟ್ಟಿ, ಅವುಗಳಿಂದ ಹೊರಟ ಪಕ್ಕದ ರೆಂಬೆಗಳನ್ನು ಮಾತ್ರ ಎರಡು ಮೂರು ಕಣ್ಣಿಗೆ ಇಳಿಸತಕ್ಕದ್ದು. ಈ ವರ್ಷದ ಮಳೆಗಾಲದಲ್ಲಿ ನೆಟ್ಟ ಎಳೆಯ ಗಿಡಕ್ಕೆ ಒಣಗಿದ ತುದಿಗಳನ್ನು ತೆಗೆಯುವುದರ ಹೊರತು ಬೇರೇನೂ ಮಾಡಬೇಡಿರಿ.

ಕಸಿಯ ಗಿಡದಲ್ಲಿ ಮತ್ತೊಂದು ಸೂಕ್ಷ್ಮವಿದೆ. ಇದನ್ನು ತಿಳಿಯದೆ ಮನೆಗಳಲ್ಲಿ ಮನಸ್ತಾಪಗಳೇ ಆದುದುಂಟು. ಪೇಟೆಯಿಂದ ತಂದ ಕೆಂಪು ಗುಲಾಬಿ ಎರಡು ವರ್ಷ ಚೆನ್ನಾಗಿ ಹೂಬಿಟ್ಟು, ಮೂರನೆಯ ವರ್ಷ ಗೊಂಚಲು ಗೊಂಚಲಾಗಿ ಸಣ್ಣ ಬಿಳಿಯ ಹೂ ಬಿಡತೊಡಗಿದರೆ, "ಜಾತಿ ಕೆಟ್ಟಿತು" ಎಂದೋ, "ಗಿಡ ಮಾರಿದವನು ಮೋಸಮಾಡಿದ" ಎಂದೋ, ಇನ್ನೂ ಮುಂದೆ ಹೋಗಿ ಗಿಡ ತಂದ ಸೊಸೆಯ ಕೈಗುಣವೆಂದೋ ಆಡಿಕೊಳ್ಳುವರು. ನಿಜಸಂಗತಿ ಬೇರೆ. ಕಸಿಯ ಗುಲಾಬಿಯೆಂದರೆ ಬಲವಾದ ಬೇರುಳ್ಳ ಕಾಡುಗುಲಾಬಿಯ ದಂಟಿಗೆ ಒಳ್ಳೆಯ ಹೂವಿನ ಒಂದು ಕಣ್ಣನ್ನು ಕೂಡಿಸಿ ಬೆಳೆಸಿದ್ದು. ಹೀಗೆ ಬಳಸುವ ದಂಟುಗಳಲ್ಲಿ ಮಲ್ಟಿಫ್ಲೋರಾ ಎಂಬುದೊಂದು. ಅದರ ಹೂವು ಬಿಳಿಯ ಸಣ್ಣ ಗೊಂಚಲು. ಕಸಿಯ ಗಂಟಿನ ಕೆಳಗಿನಿಂದ ಹೊರಟ ಚಿಗುರು ಈ ದಂಟಿನದು. ಅದನ್ನು ಬಿಟ್ಟರೆ ಬೇರಿನ ಸಾರವನ್ನೆಲ್ಲ ತಾನೇ ಹೀರಿ ಮೇಲಣ ಒಳ್ಳೆಯ ಗಿಡವನ್ನು ಕೊಲ್ಲುವುದು. ಮಣ್ಣು ಸರಿಸಿ, ಅದು ಹುಟ್ಟಿದ ಜಾಗವನ್ನು ಹುಡುಕಿ, ಬುಡಸಮೇತ ಕಿತ್ತೆಳೆಯಬೇಕು. ನೆಲಮಟ್ಟಕ್ಕೆ ಕತ್ತರಿಸಿದರೆ ಒಂದಿದ್ದದ್ದು ನಾಲ್ಕಾಗುವುದು. ಆದರೆ ಕಡ್ಡಿ ನೆಟ್ಟು ಬೆಳೆಸಿದ ಪನ್ನೀರು ಗುಲಾಬಿಯಲ್ಲಿ ಕಸಿಯ ಗಂಟೇ ಇಲ್ಲದಿರುವುದರಿಂದ, ಬುಡದಿಂದೇಳುವ ಚಿಗುರು ಅದರ ಸ್ವಂತ ಮಗುವೇ. ಅದನ್ನು ಕಿತ್ತರೆ ಗಿಡದ ಮುಂದಿನ ಆಯುಷ್ಯವನ್ನು ಕಿತ್ತಂತೆ.

ಗಾಯದ ಲೇಪಕ್ಕೆ ನಮ್ಮ ಕಡೆಯವರು ಪೇಟೆಗೆ ಓಡಬೇಕಾಗಿಲ್ಲ. ಅಡಕೆ ತೋಟವಿದ್ದ ಮನೆಯಲ್ಲಿ ಕೊಳೆಮದ್ದಿಗೆಂದು ತಂದ ಮೈಲುತುತ್ತು, ಸುಣ್ಣ ಇದ್ದೇ ಇರುವುವು. ಫ್ರಾನ್ಸಿನ ಬೋರ್ಡೋ ಪ್ರಾಂತದ ದ್ರಾಕ್ಷಿತೋಟಗಳಲ್ಲಿ ಮಿಯಾರ್ಡೆ ಎಂಬ ವಿದ್ವಾಂಸನು ಕಂಡು ೧೮೮೫ರಲ್ಲಿ ಪ್ರಕಟಿಸಿದ ಈ ಔಷಧವನ್ನು ಅಡಕೆಯ ಕೊಳೆರೋಗಕ್ಕೆ ಹೊಂದಿಸಿಕೊಟ್ಟ ಕೀರ್ತಿ, ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರದು. ಕೊಳೆರೋಗವನ್ನು ಕುರಿತ ಅವರ ಪ್ರಬಂಧ ೧೯೧೦ರಲ್ಲಿ ಹೊರಬಂದಿತು. ಅಂದು ಮುಂಬಯಿ ಇಲಾಖೆಗೆ ಸೇರಿದ್ದ ನಮ್ಮ ಜಿಲ್ಲೆಯ ತೋಟಗಳಿಗೂ ಆ ಮದ್ದು ಕ್ರಮೇಣ ಬಂದು ನೆಲೆಸಿತು. ಗುಲಾಬಿಯ ಕಪ್ಪುಚುಕ್ಕೆಗೂ, ತುದಿ ಒಣಗುವ ರೋಗಕ್ಕೂ ಅದೇ ಮದ್ದು ಸಲ್ಲುವುದು.

ಲೇಪಕ್ಕೆ ಪ್ರಮಾಣ: ೧೦೦ ಗ್ರಾಂ ಮೈಲುತುತ್ತು, ೧೦೦ ಗ್ರಾಂ ಸುಣ್ಣ, ೧ ಲೀಟರು ನೀರು. ಸಿಂಪಡಿಸುವುದಕ್ಕಾದರೆ ಅಷ್ಟೇ ಮೈಲುತುತ್ತು, ಅಷ್ಟೇ ಸುಣ್ಣ, ನೀರು ಮಾತ್ರ ೧೦ ಲೀಟರು. ಎರಡನ್ನೂ ಬೇರೆ ಬೇರೆಯಾಗಿ ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯಲ್ಲಿ ಕರಗಿಸಿ, ಆಮೇಲೆ ಕೂಡಿಸಬೇಕು. ಕಬ್ಬಿಣದ ಪಾತ್ರೆ ಸಲ್ಲದು. ಕೂಡಿಸಿದ ದ್ರಾವಣದಲ್ಲಿ ಹೊಳೆಯುವ ಚಾಕುವನ್ನು ಅದ್ದಿ ನೋಡಿ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ಕೆಂಪು ಹತ್ತುವುದು ನಿಲ್ಲುವವರೆಗೆ ಸುಣ್ಣದ ತಿಳಿ ಸೇರಿಸಿರಿ. ಮಾಡಿದ ದಿನವೇ ಬಳಸಿ ಮುಗಿಸತಕ್ಕದ್ದು. ಸವರಿದ ಕೂಡಲೆ, ಗಿಡ ಬರಿದಾಗಿರುವಾಗ, ಕಡಿದ ಬಾಯಿಗಳಿಗೆ ಲೇಪವನ್ನು ಹಚ್ಚಿ, ಕೊಂಬೆಗಳಿಗೆಲ್ಲ ದ್ರಾವಣವನ್ನು ಸಿಂಪಡಿಸಿರಿ. ಎಳೆ ಚಿಗುರು ಬಂದಮೇಲೆ ಸಿಂಪಡಿಸಿದರೆ ಎಲೆ ಸುಡುವ ಭಯವಿದೆ.

ಕಡಿಯುವುದಕ್ಕೆ ಕೈ ಬಾರದಿರುವುದು ಪಾಪಭೀತಿಯೊಂದರಿಂದಲೇ ಅಲ್ಲವೆಂಬುದನ್ನು ನಮ್ಮೂರಿನ ಒಂದು ಮನೆಯ ಸಂಗತಿಯಿಂದ ನಾವು ಅರಿತೆವು. ಆ ಮನೆಯ ಆಯಿ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಬಾವಿಕಟ್ಟೆಯ ಬಳಿ ಒಂದು ಪನ್ನೀರು ಗುಲಾಬಿಯನ್ನು ನೆಟ್ಟು ನಾಲ್ವತ್ತು ವರ್ಷ ಸಾಕಿದರು. ಹೂವು ದೇವರ ಪೀಠಕ್ಕೆ ಏರುತ್ತಿತ್ತು. ಶಾಲೆಗೆ ಹೋಗುವ ಕೇರಿಯ ಹುಡುಗಿಯರ ಜಡೆಗೆ ಏರುತ್ತಿತ್ತು. ಅಂದಿನ ರೂಢಿಯಂತೆ ಆಯಿಯ ತಲೆಗೆ ಮಾತ್ರ ಒಂದು ದಿನವೂ ಏರಲಿಲ್ಲ. ಹೂ ಮುಡಿಯಬಾರದೆಂದು ನಾವು ಯಾರಿಗೆ ವಿಧಿಸಿದೆವೋ ಅವರೇ ನಮ್ಮ ಮನೆಗಳ ಹೂದೋಟಗಳನ್ನು ಕಾಪಾಡಿದರೆಂಬುದು ಈ ಸೀಮೆಯ ಎಷ್ಟೋ ಅಂಗಳಗಳ ಚರಿತ್ರೆ. ಆ ರೂಢಿ ಈಗ ಸಡಿಲುತ್ತಿರುವುದು ಒಳ್ಳೆಯದೇ ಆಯಿತು.

ಆಯಿ ತೀರಿಕೊಂಡ ಮೇಲೆ ಬೆಂಗಳೂರಿನಲ್ಲಿರುವ ಹಿರಿಯ ಮಗನು, "ಅದು ಆಯಿಯ ಗಿಡ, ಯಾರೂ ಕತ್ತರಿ ಹಾಕಕೂಡದು" ಎಂದು ದೂರವಾಣಿಯಲ್ಲಿ ಕಟ್ಟಪ್ಪಣೆ ಮಾಡಿದನು. ಎರಡು ಮಳೆಗಾಲಗಳು ಕಳೆದುವು. ಏಳು ಕೊಂಬೆಗಳಲ್ಲಿ ನಾಲ್ಕು ಒಣಗಿದುವು. ಊರಲ್ಲಿರುವ ಕಿರಿಯ ಸೊಸೆ ನಮ್ಮಲ್ಲಿಗೆ ಬಂದು, "ಮಾಸ್ತರೇ, ಭಾವನವರ ಮಾತು ಮೀರುವುದು ಹೇಗೆ? ನೋಡುತ್ತ ಕೂತರೆ ಅತ್ತೆಯವರ ಗಿಡವೇ ಹೋಗುವುದಲ್ಲ" ಎಂದಳು. ಅವಳ ಸಂಕಟ ನ್ಯಾಯವಾದದ್ದು. ಮಗನ ಮಾತಿನಲ್ಲಿಯೂ ಪ್ರೀತಿಯ ಹೊರತು ಬೇರೇನೂ ಇರಲಿಲ್ಲ.

ನಾವು ಒಂದೇ ಪ್ರಶ್ನೆ ಕೇಳಿದೆವು: ನಿಮ್ಮ ಅತ್ತೆಯವರು ಗಿಡಕ್ಕೆ ಏನು ಮಾಡುತ್ತಿದ್ದರು? ಅವಳು ಸ್ವಲ್ಪ ಹೊತ್ತು ನೆನಪು ಮಾಡಿಕೊಂಡು ಹೇಳಿದಳು. ಪ್ರತಿದಿನ ಬೆಳಿಗ್ಗೆ ಹೂವನ್ನು ಗೇಣುದ್ದದ ದಂಟಿನ ಸಮೇತ ಕೊಯ್ಯುತ್ತಿದ್ದರು. ನವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ ಅಡಕತ್ತರಿಯನ್ನು ಹಿಡಿದು ಗಿಡದ ಬಳಿ ಕೂತು ಒಣಗಿದ್ದನ್ನೆಲ್ಲ ಕತ್ತರಿಸಿ ಒಲೆಗೆ ಹಾಕುತ್ತಿದ್ದರು. ಊರು ಬಿಟ್ಟು ಓದಲು ಹೋದ ಹಿರಿಯ ಮಗನು ಆ ಮಧ್ಯಾಹ್ನಗಳನ್ನು ಕಂಡವನಲ್ಲ. ಹೂ ಕೊಯ್ಯುವುದೂ ಸವರುವುದೇ. ದಂಟಿನೊಡನೆ ಕೊಯ್ದಾಗಲೆಲ್ಲ ಕೆಳಗಣ ಕಣ್ಣು ಚಿಗುರುವುದು. ಕೊಯ್ಯದೆ ಬಿಟ್ಟ ಹೂವು ಕಾಯಿ ಕಟ್ಟಿ ಗಿಡದ ಶಕ್ತಿಯನ್ನು ಅತ್ತ ಎಳೆಯುವುದು. ನಾಲ್ವತ್ತು ವರ್ಷ ಆ ಗಿಡವನ್ನು ಬದುಕಿಸಿದ್ದು ಆಯಿಯ ಕತ್ತರಿ. ಆಕೆಯ ಹೆಸರಿನಲ್ಲಿ ನಾವು ನಿಷೇಧಿಸಿದ್ದೂ ಅದನ್ನೇ.

ಸೊಸೆ ಇದನ್ನು ಭಾವನಿಗೆ ತಿಳಿಸಿದಳು. ಅವನು ಒಂದು ವಾರ ಉತ್ತರ ಕೊಡಲಿಲ್ಲ. ಆಮೇಲೆ "ಮೊದಲು ಕಡ್ಡಿ ನೆಟ್ಟು ಒಂದು ಸಸಿ ಮಾಡಿಕೊಳ್ಳಿ, ಆಮೇಲೆ ಮುಟ್ಟಿ" ಎಂದನು. ಅದು ವಿವೇಕದ ಮಾತು. ಹಳೆಯ ಗಿಡವನ್ನು ಸವರುವ ಎಲ್ಲರೂ ಮಾಡತಕ್ಕದ್ದು. ಒಣಗಿದ ನಾಲ್ಕು ಕೊಂಬೆಗಳನ್ನು ಆ ಚಿತ್ತೆಯಲ್ಲೇ ಬುಡಕ್ಕೆ ತೆಗೆದೆವು. ಜೀವವಿದ್ದ ಮೂರು ಮುದಿ ಕೊಂಬೆಗಳನ್ನು ಒಮ್ಮೆಲೇ ತೆಗೆಯದೆ ವರ್ಷಕ್ಕೊಂದರಂತೆ ತೆಗೆಯುವುದೆಂದು ನಿಶ್ಚಯಿಸಿದೆವು. ಮುದಿ ಗಿಡಕ್ಕೆ ಇದೇ ಸರಿಯಾದ ಕ್ರಮ. ಒಂದು ಕೊಂಬೆ ಹೋದಾಗ ಬುಡದಿಂದ ಒಂದೆರಡು ಹೊಸ ಚಿಗುರುಗಳು ಏಳಲು ಅವಕಾಶವಾಗುವುದು, ಉಳಿದವು ಅಷ್ಟರವರೆಗೆ ಅನ್ನ ಒದಗಿಸುವುವು. ಎರಡು ವರ್ಷ ಕಳೆದಿವೆ. ಬುಡದಿಂದ ಮೂರು ಹೊಸ ಕೊಂಬೆಗಳು ಎದ್ದಿವೆ. ನೆಟ್ಟ ಕಡ್ಡಿಗಳಲ್ಲಿ ಬೇರುಬಿಟ್ಟ ಒಂದನ್ನು ಹಿರಿಯ ಮಗನು ದೊಡ್ಡಹಬ್ಬಕ್ಕೆ ಬಂದಾಗ ಕುಂಡದಲ್ಲಿಟ್ಟು ಬೆಂಗಳೂರಿಗೆ ಒಯ್ದನು. ಆಯಿ ಕಂಡಿದ್ದ ಕೊಂಬೆಗಳಲ್ಲಿ ಈಗ ಉಳಿದಿರುವುದು ಒಂದೇ. ಈ ಚಿತ್ತೆಯಲ್ಲಿ ಅದರ ಸರದಿ. ಈ ಸಲ ತಾನೇ ಬಂದು ಕತ್ತರಿಸುವೆನೆಂದು ಅವನು ಹೇಳಿ ಕಳಿಸಿರುವನು.

ಸವರಿದ ಮೇಲಣ ಉಪಚಾರಕ್ಕೆ ಬರುವೆವು. ಬುಡದಿಂದ ಒಂದಡಿ ದೂರದಲ್ಲಿ ಸುತ್ತಲೂ ನಾಲ್ಕು ಅಂಗುಲ ಮಣ್ಣನ್ನು ಬೇರು ಕಡಿಯದಂತೆ ಸಡಿಲಿಸಿ, ದೊಡ್ಡ ಗಿಡಕ್ಕೆ ಎರಡು ಬುಟ್ಟಿಯಷ್ಟು ಹಳೆಯ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ, ಒಂದು ಹಿಡಿ ಎಲುಬಿನ ಪುಡಿ ಸೇರಿಸಿರಿ. ಎಲುಬು ಒಲ್ಲದ ಮನೆಯವರು ಅದನ್ನು ಬಿಟ್ಟರೂ ಹಾನಿಯಿಲ್ಲ. ನಮ್ಮ ಜಂಬಿಟ್ಟಿಗೆ ಮಣ್ಣು ಮಳೆಯಲ್ಲಿ ಸಾರ ತೊಳೆದುಹೋಗಿ ಹುಳಿಯಾಗಿರುವುದರಿಂದ ಒಲೆಯ ಬೂದಿ ಒಂದು ಹಿಡಿ ಹಾಕುವುದು ಹಿತ. ಹಸಿ ಸೆಗಣಿಯನ್ನು ಬುಡಕ್ಕೆ ಹಾಕಿದರೆ ಬೇರು ಬೇಯುವುದು, ಒರಲೆಯೂ ಬರುವುದು. ಮೇಲೆ ತರಗೆಲೆಯನ್ನು, ನಮ್ಮ ಕಡೆಯ ಮಾತಿನಲ್ಲಿ ದರಕನ್ನು, ಮೂರು ಅಂಗುಲ ದಪ್ಪ ಹಾಸಿರಿ. ಬೇರೆ ಮರಗಳ ದರಕಾಗಿರಲಿ, ಗುಲಾಬಿಯದಲ್ಲ. ನೀರನ್ನು ಬೆಳಿಗ್ಗೆ ಬುಡಕ್ಕೆ ಹಾಕತಕ್ಕದ್ದು. ಸಂಜೆಯ ಹೊತ್ತು ಎಲೆಗೆ ಚಿಮುಕಿಸಿದರೆ ಮಳೆಗಾಲವನ್ನು ನಾವೇ ಕರೆತಂದಂತೆ. ಡಿಸೆಂಬರ್ ಜನವರಿಗಳ ಚಳಿಯಲ್ಲಿ ಎಳೆ ಎಲೆಗಳ ಮೇಲೆ ಹಿಟ್ಟು ಉದುರಿಸಿದಂತೆ ಬೂದಿರೋಗ ಕಂಡರೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ ೨ ಗ್ರಾಮಿನಂತೆ ಸಿಂಪಡಿಸಬಹುದು.

ಬಿಸಿಲು ದಿನಕ್ಕೆ ಐದಾರು ಗಂಟೆ ಬೇಕೇ ಬೇಕು. ಇಲ್ಲಿ ನಮ್ಮ ಸೀಮೆಗೇ ವಿಶೇಷವಾದ ಒಂದು ತೊಡಕಿದೆ. ದೊಡ್ಡಹಬ್ಬ ಕಳೆಯುತ್ತಲೆ ಅಡಕೆ ಒಣಗಿಸಲು ಅಂಗಳದ ತುಂಬ ಅಟ್ಟ ಕಟ್ಟುವರು. ಸವರಿದ ಗುಲಾಬಿ ಚಿಗುರುವ ಸಮಯಕ್ಕೆ ಸರಿಯಾಗಿ ಅದರ ಮೇಲೆ ನೆರಳು ಬೀಳುವುದು. ನೀಳವಾಗಿ ಬಿಳಿಚಿದ ಚಿಗುರು ಬಂದು ಮೊಗ್ಗು ಕಟ್ಟದೆ ಹೋಗುವುದು. ಆಗಲೂ ದೂಷಣೆ ನೆಲಕ್ಕೇ. ಹೊಸದಾಗಿ ನೆಡುವವರು ಅಟ್ಟದ ನೆರಳು ತಾಗದ ಮೂಡಣ ಅಂಚನ್ನು ಆರಿಸಿ, ನೆಲದಿಂದ ಒಂದಡಿ ಎತ್ತರದ ದಿಬ್ಬದ ಮೇಲೆ ನೆಟ್ಟರೆ ಮಳೆಗಾಲದ ನೀರೂ ಬುಡದಲ್ಲಿ ನಿಲ್ಲದು. ಕುಂಡದ ಗಿಡಗಳನ್ನು ಜೂನಿನಿಂದ ಸೆಪ್ಟೆಂಬರಿನವರೆಗೆ ಬೆಳಕಿರುವ ಸೂರಿನಂಚಿಗೆ ಎತ್ತಿಟ್ಟರೆ ಅರ್ಧ ರೋಗ ತಪ್ಪುವುದು.

ಕಡಿದ ಕೊಂಬೆಗಳಲ್ಲಿ ರೋಗವಿಲ್ಲದ, ಸೀಸದ ಕಡ್ಡಿಯಷ್ಟು ದಪ್ಪವಿರುವವನ್ನು ಎಸೆಯಬೇಡಿರಿ. ಗೇಣುದ್ದ ಕತ್ತರಿಸಿ, ಅರ್ಧದಷ್ಟು ಮರಳುಮಣ್ಣಿನಲ್ಲಿ ಹುಗಿದು ನೆರಳಿನಲ್ಲಿಡಿ. ಪನ್ನೀರು ಗುಲಾಬಿಯಂಥ ಹಳೆಯ ಜಾತಿಗಳು ಸುಲಭವಾಗಿ ಬೇರುಬಿಡುವುವು. ಹೈಬ್ರಿಡ್ ಟೀಗಳಿಗೆ ಕಣ್ಣುಕಸಿಯೇ ಮೇಲು. ಕಡ್ಡಿಯನ್ನು ಕೇಳಿದವರಿಗೆ ಕೊಡುವುದು ನಮ್ಮ ಕಡೆಯ ಹೆಂಗಸರ ಹಳೆಯ ಸಂಪ್ರದಾಯ. ತಮ್ಮಲ್ಲಿ ಸತ್ತ ಗಿಡವು ಪಕ್ಕದ ಮನೆಯಿಂದ ಮರಳಿ ಬಂದ ನಿದರ್ಶನಗಳು ಬೇಕಾದಷ್ಟಿವೆ. ಶಿರಸಿಯಲ್ಲಿ ೨೦೦೧ರಲ್ಲಿ ಆರಂಭವಾದ 'ವನಸ್ತ್ರೀ' ಎಂಬ ಮಹಿಳೆಯರ ಸಂಘವು ಮಲೆನಾಡಿನ ಕೈತೋಟಗಳ ಬೀಜಗಳನ್ನು ಕಾಪಾಡಿ ಹಂಚುವ ಕೆಲಸದಿಂದ ಈ ಸಂಪ್ರದಾಯಕ್ಕೆ ಹೊಸ ರೂಪವನ್ನು ಕೊಟ್ಟಿದೆ.

ಎರಡು ಎಚ್ಚರಿಕೆಗಳನ್ನು ಹೇಳದೆ ಮುಗಿಸಲಾರೆವು. ಮುಳ್ಳು ಚುಚ್ಚಿದ ಗಾಯವನ್ನು ಸಣ್ಣದೆಂದು ಕಡೆಗಣಿಸಬೇಡಿರಿ. ಮಣ್ಣು ತಾಗಿದ ಗಾಯಕ್ಕೆ ಧನುರ್ವಾಯುವಿನ ಭಯವಿದೆ. ಚುಚ್ಚುಮದ್ದು ತೆಗೆದುಕೊಂಡು ಎಷ್ಟು ವರ್ಷವಾಯಿತೆಂಬುದನ್ನು ವೈದ್ಯರಿಗೆ ತಿಳಿಸಿರಿ. ಇದಲ್ಲದೆ ಮುಳ್ಳಿನೊಡನೆ ಒಂದು ಬಗೆಯ ಬೂಷ್ಟು ಚರ್ಮದೊಳಗೆ ಸೇರಿ, ಕೆಲವು ವಾರಗಳ ಮೇಲೆ ನೋವಿಲ್ಲದ ಗಂಟಾಗಿ ಕಂಡು, ತೋಳಿನುದ್ದಕ್ಕೂ ಸಾಲಾಗಿ ಏರುವುದುಂಟು. ಸ್ಪೋರೋಟ್ರೈಕೋಸಿಸ್ ಎಂದು ಅದರ ಹೆಸರು. ಗುಲಾಬಿ ತೋಟಗಾರರ ರೋಗವೆಂದೇ ಪ್ರಸಿದ್ಧ. ಗುಣವಾಗತಕ್ಕದ್ದೇ, ಆದರೆ ಮನೆಮದ್ದಿಗೆ ಬಗ್ಗದು. ಗಂಟು ಕಂಡ ಕೂಡಲೆ ಮುಳ್ಳಿನ ವಿಷಯವನ್ನು ವೈದ್ಯರಿಗೆ ಹೇಳಬೇಕು. ಮಧುಮೇಹವುಳ್ಳವರು ಕೈಚೀಲವಿಲ್ಲದೆ ಗುಲಾಬಿಯನ್ನು ಮುಟ್ಟಲೇಬಾರದು.

ಎರಡನೆಯದು ವಿಷದ ವಿಚಾರ. ಹೇನು, ನುಸಿ ಬಂದುವೆಂದು ಪೇಟೆಯಿಂದ ತಂದ ಘೋರ ಕೀಟನಾಶಕವನ್ನು ಸಿಂಪಡಿಸಿ, ಮಾರನೆಯ ದಿನ ಅದೇ ಹೂವನ್ನು ಮಗುವಿನ ಜಡೆಗೆ ಮುಡಿಸುವುದನ್ನೂ, ಅದೇ ದಳದಿಂದ ಗುಲ್ಕಂದ ಮಾಡುವುದನ್ನೂ ನಾವು ಕಂಡಿದ್ದೇವೆ. ಇದು ಬಹಳ ಅಪಾಯಕರ. ಹೇನನ್ನು ರಭಸದ ನೀರಿನಿಂದ ತೊಳೆಯಬಹುದು. ಸಾಲದಿದ್ದರೆ ಬೇವಿನೆಣ್ಣೆಗೆ ಚೂರು ಸಾಬೂನು ಬೆರೆಸಿ ಸಿಂಪಡಿಸಬಹುದು. ಗುಲ್ಕಂದಕ್ಕೆ ಬೇಕಾದ ಗಿಡವನ್ನು ಬೇರೆಯಾಗಿಯೇ ಗುರುತಿಸಿಟ್ಟು, ಅದರ ಹೂವಿಗೆ ಮೈಲುತುತ್ತು ಸಹ ಸೋಂಕದಂತೆ ನೋಡಿಕೊಳ್ಳಿರಿ.

ಇಷ್ಟನ್ನು ಮಾಡಿದ ಮೇಲೂ ಒಂದೆರಡು ಗಿಡ ಹೋಗಬಹುದು. ಮಲೆನಾಡಿನ ಮಳೆ ಯಾರ ಮಾತನ್ನೂ ಕೇಳುವುದಲ್ಲ. ಉಳಿದವು ಹೂಬಿಡುವುವು. ಸವರಿದ ದಿನಾಂಕವನ್ನು ಗೋಡೆಯ ಪಂಚಾಂಗದಲ್ಲಿ ಗುರುತುಮಾಡಿ, ಏಳನೆಯ ವಾರದಲ್ಲಿ ನೋಡಿಕೊಳ್ಳಿರಿ. ಮುಂದಿನ ತಿಂಗಳು ಮಲ್ಲಿಗೆಯ ಬಳ್ಳಿಯ ವಿಚಾರವನ್ನು ಬರೆಯುವೆವು.